ಗುಲಾಬಿ ಕಲ್ಲಿನ ತೂಕ

ಭದ್ರಾವತಿಯವರಿಗೆ ಕಲ್ಲು ಹೊಸದಲ್ಲ. ಆ ಊರು ಅನ್ನ ತಿಂದದ್ದೇ ಕಲ್ಲಿನಿಂದ. ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಇಳಿದು ಬರುತ್ತಿದ್ದ ಕಬ್ಬಿಣದ ಅದಿರು ಕೆಂಪು. ಭಂಡಿಗುಡ್ಡದ ಸುಣ್ಣದ ಕಲ್ಲು ಬೂದು. ಶಿವಮೊಗ್ಗದಾಚೆ ಕುಂಸಿಯ ಸುತ್ತಮುತ್ತ ಅಗೆದ ಮ್ಯಾಂಗನೀಸ್ ಅದಿರು ಕಪ್ಪು; ಒಮ್ಮೆ ಮುಟ್ಟಿದರೆ ಬೆರಳಿಗೆಲ್ಲ ಮಸಿ. ಹಿಂದೆ ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಈ ಊರಿನಲ್ಲಿ 1923ರ ಜನವರಿ 18ರಂದು ಕಬ್ಬಿಣದ ಉತ್ಪಾದನೆ ಶುರುವಾಯಿತು. ಅಂದಿನಿಂದ ಮೂರು ತಲೆಮಾರು ಕೆಂಪು, ಬೂದು, ಕಪ್ಪು ಈ ಮೂರು ಬಣ್ಣಗಳ ನಡುವೆಯೇ ಬದುಕಿತು. ಕಲ್ಲು ಗುಲಾಬಿ ಬಣ್ಣದ್ದೂ ಇರಬಹುದು ಎಂದು ಯಾರಾದರೂ ಹೇಳಿದ್ದರೆ, ಸಿನಿಮಾ ಹಾಡಿನ ಮಾತು ಎಂದು ನಕ್ಕುಬಿಡುತ್ತಿದ್ದರೋ ಏನೋ.

ರಾಯರು ಮಾತ್ರ ನಗುತ್ತಿರಲಿಲ್ಲ. ಅವರಿಗೆ ಗುಲಾಬಿ ಬಣ್ಣದ ಪರಿಚಯ ಮೂವತ್ತೈದು ವರ್ಷದ್ದು. 1968ರಲ್ಲಿ ಕಾರ್ಖಾನೆಯ ಪ್ರಯೋಗಶಾಲೆಗೆ ಸೇರಿ 2003ರಲ್ಲಿ ನಿವೃತ್ತರಾದ ಅವರು ಅಷ್ಟೂ ವರ್ಷ ಮಾಡಿದ ಮುಖ್ಯ ಕೆಲಸವೆಂದರೆ ಉಕ್ಕಿನಲ್ಲಿ ಮ್ಯಾಂಗನೀಸ್ ಎಷ್ಟಿದೆ ಎಂದು ಹೇಳುವುದು. ಅದನ್ನು ಹೇಳುವ ಬಗೆ ಹೀಗೆ. ಉಕ್ಕಿನಿಂದ ಕೊರೆದು ತೆಗೆದ ಚೂರುಗಳನ್ನು ತೂಗಿ ಆಮ್ಲದಲ್ಲಿ ಕರಗಿಸಬೇಕು. ಅದಕ್ಕೆ ಸಿಲ್ವರ್ ನೈಟ್ರೇಟಿನ ಕೆಲವು ಹನಿ, ಮೇಲೆ ಅಮೋನಿಯಂ ಪರ್‌ಸಲ್ಫೇಟು ಹಾಕಿ ಕುದಿಸಬೇಕು. ಆಗ ನೀರಿನಂತಿದ್ದ ದ್ರವ ಮೆಲ್ಲಗೆ ಕೆಂಪೇರುತ್ತದೆ. ಮ್ಯಾಂಗನೀಸ್ ಹೆಚ್ಚಿದ್ದಷ್ಟೂ ಬಣ್ಣ ಗಾಢ. ತಣ್ಣಗಾದ ಮೇಲೆ ಬ್ಯುರೆಟ್ಟಿನಿಂದ ಸೋಡಿಯಂ ಆರ್ಸೆನೈಟ್ ದ್ರಾವಣವನ್ನು ಹನಿ ಹನಿಯಾಗಿ ಬಿಡುತ್ತ ಹೋದರೆ ಗುಲಾಬಿ ತೆಳುವಾಗಿ, ಇನ್ನೂ ತೆಳುವಾಗಿ, ಒಂದು ಹನಿಯಲ್ಲಿ ಮಾಯವಾಗುತ್ತದೆ. ಆ ಒಂದು ಹನಿಯೇ ಲೆಕ್ಕ. ಹೊರಗೆ ಕುಲುಮೆಯಲ್ಲಿ ಉಕ್ಕು ಕುದಿಯುತ್ತಿರುತ್ತದೆ, ಬಾಗಿಲಲ್ಲಿ ಚೀಟಿಗಾಗಿ ಹುಡುಗನೊಬ್ಬ ಕಾಯುತ್ತಿರುತ್ತಾನೆ. ಇವರು ಬರೆದುಕೊಟ್ಟ ಅಂಕಿಯ ಮೇಲೆ ಇನ್ನೆಷ್ಟು ಫೆರೋಮ್ಯಾಂಗನೀಸ್ ಸುರಿಯಬೇಕೆಂಬುದು ನಿಶ್ಚಯವಾಗುತ್ತದೆ.

ಉಕ್ಕಿಗೆ ಮ್ಯಾಂಗನೀಸ್ ಯಾಕೆ ಎಂದು ಕೇಳಿದರೆ ರಾಯರು ಅಡುಗೆಮನೆಯ ಭಾಷೆಯಲ್ಲಿ ಉತ್ತರಿಸುತ್ತಿದ್ದರು. ಕಬ್ಬಿಣದಲ್ಲಿ ಗಂಧಕವೆಂಬ ಕಿಡಿಗೇಡಿ ಸೇರಿಕೊಂಡಿರುತ್ತದೆ. ಅದು ಕಬ್ಬಿಣದ ಜೊತೆ ಕೂಡಿದರೆ ಉಕ್ಕನ್ನು ಕಾಯಿಸಿ ಬಡಿಯುವಾಗ ಹಳೆಯ ರೊಟ್ಟಿಯಂತೆ ಬಿರುಕು ಬಿಡುತ್ತದೆ. ಮ್ಯಾಂಗನೀಸ್ ಇದ್ದರೆ ಗಂಧಕ ಅದರ ಹಿಂದೆ ಹೋಗುತ್ತದೆ, ಕಬ್ಬಿಣ ಬದುಕಿಕೊಳ್ಳುತ್ತದೆ. ಜೊತೆಗೆ ಕರಗಿದ ಉಕ್ಕಿನಲ್ಲಿ ಉಳಿದ ಆಮ್ಲಜನಕವನ್ನೂ ಅದು ಹಿಡಿದು ಹೊರಗೆಳೆಯುತ್ತದೆ. ಇಂಗ್ಲೆಂಡಿನ ಹ್ಯಾಡ್‌ಫೀಲ್ಡ್ 1882ರಲ್ಲಿ ನೂರಕ್ಕೆ ಹನ್ನೆರಡು ಹದಿಮೂರರಷ್ಟು ಮ್ಯಾಂಗನೀಸ್ ಬೆರೆಸಿ, ಬಡಿದಷ್ಟೂ ಗಟ್ಟಿಯಾಗುವ ಉಕ್ಕನ್ನೇ ಮಾಡಿದ. ರೈಲು ಹಳಿಗಳು ಒಂದನ್ನೊಂದು ದಾಟುವ ಜಾಗದಲ್ಲಿ, ಕಲ್ಲು ಪುಡಿ ಮಾಡುವ ಯಂತ್ರದ ದವಡೆಯಲ್ಲಿ ಇವತ್ತಿಗೂ ಆ ಬಗೆಯ ಉಕ್ಕು ಇರುತ್ತದೆ.

ಹೀಗೆ ಮ್ಯಾಂಗನೀಸನ್ನು ಬಣ್ಣದ ನೀರಾಗಿ ಸಾವಿರಾರು ಸಲ, ಕಪ್ಪು ಕಲ್ಲಾಗಿ ನೂರಾರು ಸಲ ಕಂಡಿದ್ದ ರಾಯರಿಗೆ ಅದರ ಇನ್ನೊಂದು ವೇಷ ನೋಡಲು ಎಂಬತ್ತು ವರ್ಷ ಕಾಯಬೇಕಾಯಿತು. ಅದನ್ನು ತಂದವಳು ಮೊಮ್ಮಗಳು. ಡೆನ್ವರಿನಲ್ಲಿರುವ ಮಗ ಹೆಂಡತಿ ಮಗಳೊಂದಿಗೆ ಡಿಸೆಂಬರ್ ರಜೆಗೆ ಬಂದಿದ್ದ. ಹನ್ನೊಂದು ವರ್ಷದ ಪುಟ್ಟಿ ಪೆಟ್ಟಿಗೆ ತೆರೆದವಳೇ ಕಾಲುಚೀಲದೊಳಗೆ ಸುತ್ತಿ ಇಟ್ಟಿದ್ದ ಒಂದು ಬಿಲ್ಲೆಯನ್ನು ತೆಗೆದು ತಾತನ ಅಂಗೈಯಲ್ಲಿಟ್ಟಳು. ಅಂಗೈಯಷ್ಟು ಅಗಲ, ಬೆರಳಿಗಿಂತ ತೆಳು. ಒಂದು ಮುಖ ಕನ್ನಡಿಯಂತೆ ನಯ. ನಡುವೆ ಗಾಢ ಗುಲಾಬಿ, ಅದರ ಸುತ್ತ ಬಿಳಿ, ಮತ್ತೆ ಗುಲಾಬಿ, ಮತ್ತೆ ನಸುಬಿಳಿ. ಮರ ಕಡಿದಾಗ ಕಾಣುವ ಉಂಗುರಗಳ ಹಾಗೆ, ಆದರೆ ಅಂಚುಗಳೆಲ್ಲ ಕಸೂತಿ ಹಾಕಿದಂತೆ ಅಲೆಅಲೆ.

ಅಜ್ಜಿ ಕನ್ನಡಕ ಏರಿಸಿಕೊಂಡು ನೋಡಿ, "ಕೊಬ್ಬರಿ ಮಿಠಾಯಿ ಇದ್ದ ಹಾಗಿದೆಯಲ್ಲೇ ಪುಟ್ಟಿ!" ಎಂದರು.

"ತಿನ್ನೋ ಹಾಗಿಲ್ಲ ಅಜ್ಜಿ. ರೋಡೋಕ್ರೋಸೈಟ್. ಮ್ಯಾಂಗನೀಸ್ ಕಾರ್ಬೊನೇಟ್. ತಾತಂಗೆ ಗೊತ್ತಿರುತ್ತೆ."

ತಾತನಿಗೆ ಹೆಸರು ಗೊತ್ತಿತ್ತು. ಪುಸ್ತಕದಲ್ಲಿ ಓದಿದ್ದರು. ಗ್ರೀಕ್ ಭಾಷೆಯಲ್ಲಿ ರೋಡಾನ್ ಎಂದರೆ ಗುಲಾಬಿ, ಕ್ರೋಸ್ ಎಂದರೆ ಬಣ್ಣ. ಜರ್ಮನಿಯ ಖನಿಜಶಾಸ್ತ್ರಜ್ಞ ಹೌಸ್‌ಮನ್ 1813ರಲ್ಲಿ ಇಟ್ಟ ಹೆಸರು. ಸುಣ್ಣದ ಕಲ್ಲಿಗೆ ಇದು ದಾಯಾದಿ. ಸುಣ್ಣದ ಕಲ್ಲಿನಲ್ಲಿ ಕ್ಯಾಲ್ಸಿಯಂ ಕೂತಿರುವ ಜಾಗದಲ್ಲಿ ಇಲ್ಲಿ ಮ್ಯಾಂಗನೀಸ್ ಕೂತಿದೆ, ಅಷ್ಟೇ ವ್ಯತ್ಯಾಸ. ಭೂಮಿಯ ಬಿರುಕುಗಳಲ್ಲಿ ಮ್ಯಾಂಗನೀಸ್ ಕರಗಿದ ನೀರು ಹರಿದು, ಗುಹೆಯ ಸೂರಿನಿಂದ ಸುಣ್ಣದ ಕೋಲು ಇಳಿಯುವ ಹಾಗೆ, ಪದರದ ಮೇಲೆ ಪದರವಾಗಿ ಇದು ಬೆಳೆಯುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಾದ ಕಾಲದಲ್ಲಿ ಪದರ ಬಿಳಿಚುತ್ತದೆ, ಮ್ಯಾಂಗನೀಸ್ ಹೆಚ್ಚಾದಾಗ ಗುಲಾಬಿ ಕಟ್ಟುತ್ತದೆ. ಅಂಥ ಕೋಲನ್ನು ಅಡ್ಡಡ್ಡ ಸೀಳಿದರೆ ಪುಟ್ಟಿ ತಂದಂಥ ಬಿಲ್ಲೆಗಳು ಸಿಗುತ್ತವೆ. ಅರ್ಜೆಂಟೀನದ ಕಟಮಾರ್ಕ ಪ್ರಾಂತದ ಕಾಪಿಯಿತಾಸ್ ಗಣಿ ಇಂಥ ಬಿಲ್ಲೆಗಳಿಗೆ ಹೆಸರುವಾಸಿ. ಆ ದೇಶ ಇದನ್ನು ತನ್ನ ರಾಷ್ಟ್ರೀಯ ಶಿಲೆ ಎಂದು ಗೌರವಿಸುತ್ತದೆ. ವ್ಯಾಪಾರದಲ್ಲಿ ಇದಕ್ಕೆ ಇಂಕಾ ಗುಲಾಬಿ ಎಂಬ ಹೆಸರೂ ಉಂಟು.

ಪುಟ್ಟಿ ಈ ಬಿಲ್ಲೆಯನ್ನು ಕೊಂಡದ್ದು ಡೆನ್ವರಿನಲ್ಲಿ ಪ್ರತಿ ಸೆಪ್ಟೆಂಬರಿಗೆ ನಡೆಯುವ ಕಲ್ಲುಗಳ ಮೇಳದಲ್ಲಿ. ಅಪ್ಪನ ದುಡ್ಡಲ್ಲ. ಹುಟ್ಟುಹಬ್ಬಕ್ಕೆ ಬಂದದ್ದು, ಪಕ್ಕದ ಮನೆಯ ನಾಯಿಯನ್ನು ಓಡಾಡಿಸಿದ್ದಕ್ಕೆ ಸಿಕ್ಕಿದ್ದು, ಎಲ್ಲ ಕೂಡಿಸಿಟ್ಟ ನಲವತ್ತು ಡಾಲರು. "ತಾತ ಮ್ಯಾಂಗನೀಸ್ ಕೆಲಸ ಮಾಡ್ತಿದ್ರು ಅಂತ ಪಪ್ಪ ಹೇಳಿದ್ರು. ಅದಕ್ಕೆ ಇದೇ ತಗೊಂಡೆ" ಎಂದಳು. ರಾಯರು ಏನೂ ಹೇಳದೆ ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು.

ತೊಂದರೆ ಶುರುವಾದದ್ದು ಮಾರನೆಯ ಸಂಜೆ. ಫೌಂಡ್ರಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಹಳೆಯ ಸ್ನೇಹಿತರೊಬ್ಬರು ಕಾಫಿಗೆ ಬಂದವರು ಬಿಲ್ಲೆಯನ್ನು ಉಗುರಿನಿಂದ ಟಕಟಕ ತಟ್ಟಿ, "ರಾಯರೇ, ಇದು ಕಲ್ಲೋ, ಬಣ್ಣ ಅದ್ದಿದ ಅಮೃತಶಿಲೆಯೋ? ಈಗ ಬಿಳಿ ಕಲ್ಲಿಗೆ ಬಣ್ಣ ಕುಡಿಸಿ ಏನು ಬೇಕಾದ್ರೂ ಮಾಡ್ತಾರೆ" ಎಂದುಬಿಟ್ಟರು. ಪುಣ್ಯಕ್ಕೆ ಪುಟ್ಟಿ ಆಗ ಮಹಡಿಯ ಮೇಲಿದ್ದಳು.

ಆ ರಾತ್ರಿ ರಾಯರಿಗೆ ನಿದ್ದೆ ಹತ್ತಲಿಲ್ಲ. ಸ್ನೇಹಿತರ ಮಾತಿನಲ್ಲಿ ಸುಳ್ಳಿರಲಿಲ್ಲ. ಬಣ್ಣ ಹಾಕಿದ ಕಲ್ಲು ಲೋಕದಲ್ಲಿ ಬೇಕಾದಷ್ಟಿದೆ. ಮೂವತ್ತೈದು ವರ್ಷ ಒಂದು ಅಂಕಿಯನ್ನೂ ಊಹಿಸಿ ಬರೆಯದ ಮನುಷ್ಯನಿಗೆ, ಮನೆಯೊಳಗೆ ಪರೀಕ್ಷೆಯಾಗದ ಕಲ್ಲೊಂದು ಕೂತಿದೆ ಎಂಬುದೇ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನಂತೆ ಕಾಡತೊಡಗಿತು. ಬೆಳಗಿನ ಜಾವ ಎದ್ದು ಕೂತವರನ್ನು ಕಂಡು ಅಜ್ಜಿಗೆ ವಿಷಯ ತಿಳಿಯಿತು.

"ರೀ, ಸುಮ್ಮನಿರಿ. ಮಗು ಪ್ರೀತಿಯಿಂದ ತಂದಿದೆ. ತನ್ನ ದುಡ್ಡು ಹಾಕಿ ತಂದಿದೆ. ನಕಲಿ ಅಂತ ಗೊತ್ತಾದ್ರೆ ಅದರ ಮುಖಕ್ಕೆ ಏನು ಹೇಳ್ತೀರಿ?"

"ನಕಲಿ ಆಗಿದ್ರೆ ನಕಲಿ ಅಂತಲೇ ಹೇಳಬೇಕಲ್ಲೇ."

"ಹೇಳಬೇಕು ಅಂತ ಯಾವ ಶಾಸ್ತ್ರದಲ್ಲಿದೆ? ನೀವೇನು ಅದರಲ್ಲಿ ರೈಲು ಹಳಿ ಮಾಡಬೇಕಾ?"

ಈ ಪ್ರಶ್ನೆಗೆ ರಾಯರ ಹತ್ತಿರ ಉತ್ತರವಿರಲಿಲ್ಲ. ಉಕ್ಕಿನ ಲೆಕ್ಕ ತಪ್ಪಿದರೆ ಹಳಿ ಮುರಿದೀತು, ಕಾರ್ಖಾನೆಗೆ ನಷ್ಟವಾದೀತು. ಈ ಕಲ್ಲಿನ ಲೆಕ್ಕ ತಪ್ಪಿದರೆ ಯಾರಿಗೂ ಏನೂ ಆಗುವುದಿಲ್ಲ. ಸತ್ಯ ಗೊತ್ತಾದರೆ ಮಾತ್ರ ಒಂದು ಮಗುವಿನ ಮನಸ್ಸು ಮುರಿದೀತು. ಇನ್ನೊಂದು ತೊಡಕೂ ಇತ್ತು. ಪ್ರಯೋಗಶಾಲೆಯಲ್ಲಿ ಅವರು ಪರೀಕ್ಷೆ ಮಾಡಿದ ವಸ್ತು ಯಾವುದೂ ಉಳಿದದ್ದಿಲ್ಲ. ಕೊರೆದು, ಕರಗಿಸಿ, ಕುದಿಸಿ, ಕೊನೆಗೆ ತೊಟ್ಟಿಗೆ ಚೆಲ್ಲಿದ್ದೇ. ಕಾರ್ಬೊನೇಟ್ ಕಲ್ಲನ್ನು ಗುರುತಿಸುವ ಸುಲಭದ ದಾರಿ ಆಮ್ಲ. ಸುಣ್ಣದ ಕಲ್ಲಿನ ಮೇಲೆ ತಣ್ಣನೆಯ ದುರ್ಬಲ ಆಮ್ಲ ಬಿದ್ದರೂ ಬುರುಬುರು ನೊರೆ ಏಳುತ್ತದೆ. ರೋಡೋಕ್ರೋಸೈಟ್ ತಣ್ಣನೆಯ ಆಮ್ಲಕ್ಕೆ ತಡವಾಗಿ ಮಿಸುಕುತ್ತದೆ, ಬಿಸಿ ಮಾಡಿದರೆ ಚೆನ್ನಾಗಿ ನೊರೆಯುತ್ತದೆ. ಆದರೆ ಆ ಒಂದು ಹನಿ ಬಿದ್ದ ಜಾಗದಲ್ಲಿ ಕನ್ನಡಿಯಂಥ ನಯ ಹೋಗಿ ಮಬ್ಬು ಕಲೆ ನಿಲ್ಲುತ್ತದೆ. ಅಸಲಿ ಎಂದು ತಿಳಿದುಕೊಳ್ಳಲು ಅಸಲಿಯನ್ನೇ ಕೆಡಿಸಿದ ಹಾಗೆ.

ಬೆಳಿಗ್ಗೆ ತಿಂಡಿ ಮುಗಿಯುವ ಹೊತ್ತಿಗೆ ರಾಯರು ಒಂದು ತೀರ್ಮಾನಕ್ಕೆ ಬಂದಿದ್ದರು. ಪರೀಕ್ಷೆ ಮಾಡುವುದು ಸರಿ, ಮುಚ್ಚಿಟ್ಟು ಮಾಡುವುದು ಬೇಡ. ಮೊಮ್ಮಗಳನ್ನು ಕರೆದು ನೇರವಾಗಿ ಕೇಳಿದರು: "ಪುಟ್ಟಿ, ಇದು ನಿಜವಾದ ಕಲ್ಲು ಹೌದೋ ಅಲ್ಲವೋ ಅಂತ ನೋಡೋಣವಾ? ಅಲ್ಲ ಅಂತ ಬಂದರೆ ನಿನಗೆ ಬೇಜಾರಾಗಬಹುದು."

ಅವಳು ಸ್ವಲ್ಪ ಹೊತ್ತು ಯೋಚಿಸಿ, "ಅಲ್ಲ ಅಂತ ಬಂದ್ರೂ ನೀವು ಇಟ್ಕೋತೀರಾ?" ಎಂದಳು.

"ಇಟ್ಕೋತೀನಿ."

"ಹಾಗಾದ್ರೆ ನೋಡೋಣ."

ಮೊದಲ ಪರೀಕ್ಷೆ ಪೇಟೆಯಲ್ಲಿ, ಅಕ್ಕಸಾಲಿಗರ ಅಂಗಡಿಯಲ್ಲಿ. ಚಿನ್ನ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಬಿಲ್ಲೆ 72.4 ಗ್ರಾಂ ತೂಗಿತು. ಆಮೇಲೆ ರಾಯರು ಅರ್ಧ ಲೋಟ ನೀರು ಕೇಳಿ ಪಡೆದು, ಲೋಟವನ್ನೇ ತಕ್ಕಡಿಯ ಮೇಲಿಡಿಸಿ ಅಂಕಿಯನ್ನು ಸೊನ್ನೆಗೆ ತರಿಸಿದರು. ಬಿಲ್ಲೆಗೆ ದಾರ ಕಟ್ಟಿ, ತಳಕ್ಕಾಗಲಿ ಅಂಚಿಗಾಗಲಿ ತಾಗದಂತೆ ನೀರಿನಲ್ಲಿ ಮುಳುಗಿಸಿ ಹಿಡಿಯಲು ಪುಟ್ಟಿಗೆ ಹೇಳಿದರು. ತಕ್ಕಡಿ 20.1 ತೋರಿಸಿತು. ಅಷ್ಟು ಗ್ರಾಂ ನೀರನ್ನು ಕಲ್ಲು ಪಕ್ಕಕ್ಕೆ ಸರಿಸಿದೆ ಎಂದು ಅರ್ಥ. 72.4ನ್ನು 20.1ರಿಂದ ಭಾಗಿಸಿದರೆ 3.6. ನೀರಿಗಿಂತ ಇದು ಮೂರೂವರೆ ಪಟ್ಟಿಗೂ ಹೆಚ್ಚು ಭಾರ. ಅಮೃತಶಿಲೆಯಾಗಿದ್ದರೆ 2.7ರ ಆಸುಪಾಸು ಬರಬೇಕಿತ್ತು, ಮಾಮೂಲಿ ಗಾಜಾಗಿದ್ದರೆ 2.5. ಶುದ್ಧ ರೋಡೋಕ್ರೋಸೈಟ್ 3.7, ಕ್ಯಾಲ್ಸಿಯಂ ಸೇರಿದಷ್ಟೂ ಅದಕ್ಕಿಂತ ಸ್ವಲ್ಪ ಹಗುರ. ಬಣ್ಣ ಕುಡಿಸಬಹುದು, ತೂಕ ಕುಡಿಸುವುದು ಅಷ್ಟು ಸುಲಭವಲ್ಲ. ಅಕ್ಕಸಾಲಿಗರು ತಮ್ಮ ಅಂಗಡಿಯಲ್ಲೇ ನಡೆದ ಈ ವಿದ್ಯೆಯನ್ನು ಬೆರಗಿನಿಂದ ನೋಡಿ, "ಬಂಗಾರಕ್ಕೂ ಹೀಗೇ ನೋಡಬಹುದಲ್ವಾ ಸಾರ್?" ಎಂದರು. "ಬಂಗಾರಕ್ಕಾಗಿಯೇ ಹುಟ್ಟಿದ ಲೆಕ್ಕ ಇದು ಅಂತ ಕತೆಯೇ ಇದೆಯಲ್ಲಪ್ಪ" ಎಂದು ರಾಯರು ನಕ್ಕರು.

ಪುಟ್ಟಿ ಕುಣಿಯಲು ಸಿದ್ಧಳಾಗಿದ್ದಳು. ತಾತ ತಡೆದರು. ಗುಲಾಬಿ ಬಣ್ಣದ ಮ್ಯಾಂಗನೀಸ್ ಕಲ್ಲು ಇನ್ನೊಂದಿದೆ, ರೋಡೋನೈಟ್ ಎಂದು. ಅದು ಕಾರ್ಬೊನೇಟ್ ಅಲ್ಲ, ಸಿಲಿಕೇಟ್. ತೂಕದಲ್ಲಿ ಎರಡೂ ಅವಳಿ ಮಕ್ಕಳಂತೆ. ಆದರೆ ಗುಣ ಬೇರೆ. ರೋಡೋನೈಟಿನ ಮೈಮೇಲೆ ಸಾಮಾನ್ಯವಾಗಿ ಕಪ್ಪು ಗೆರೆಗಳ ಬಲೆ ಇರುತ್ತದೆ, ಬಿಳಿ ಕಸೂತಿ ಇರುವುದಿಲ್ಲ. ಅದು ಗಟ್ಟಿ, ಚಾಕುವಿಗೆ ಸುಲಭದಲ್ಲಿ ಬಗ್ಗದು. ರೋಡೋಕ್ರೋಸೈಟ್ ಮೃದು, ಗಡಸುತನದ ಹತ್ತರ ಪಟ್ಟಿಯಲ್ಲಿ ಮೂರೂವರೆಯಿಂದ ನಾಲ್ಕರ ಸ್ಥಾನ. ಉಗುರಿಗೆ ಸಿಗುವುದಿಲ್ಲ, ಉಕ್ಕಿನ ಚಾಕುವಿಗೆ ಸಲೀಸಾಗಿ ಸಿಗುತ್ತದೆ. ಅದರ ಹರಳುಗಳು ಪೆಟ್ಟು ಬಿದ್ದರೆ ಮೂರು ದಿಕ್ಕಿಗೆ ನೀಟಾಗಿ ಸೀಳಿ, ಓರೆಯಾಗಿ ವಾಲಿದ ಪುಟ್ಟ ಪೆಟ್ಟಿಗೆಗಳಂತೆ ಒಡೆಯುತ್ತವೆ. ಈ ಮೃದುತನದಿಂದಾಗಿಯೇ ಉಂಗುರಕ್ಕೆ ಇದು ಅಷ್ಟಾಗಿ ಒಗ್ಗದ ಕಲ್ಲು. ದಿನನಿತ್ಯದ ಕೆಲಸದಲ್ಲಿ ಗೀರು ಬೀಳದೆ ಇರುವುದಿಲ್ಲ.

ಎರಡನೆಯ ಪರೀಕ್ಷೆ ಮನೆಯ ಅಡುಗೆಮನೆಯಲ್ಲಿ. ಬಿಲ್ಲೆಯ ಅಂಚಿನಲ್ಲಿ ಪಾಲಿಷ್ ಕಾಣದ ಒರಟು ಜಾಗವೊಂದಿತ್ತು. ಯಾರ ಕಣ್ಣಿಗೂ ಬೀಳದ ಆ ಮೂಲೆಯನ್ನು ರಾಯರು ಚಾಕುವಿನ ತುದಿಯಿಂದ ಕೆರೆದರು. ಕಲ್ಲು ತಕರಾರಿಲ್ಲದೆ ಬಿಟ್ಟುಕೊಟ್ಟಿತು. ಕೆಳಗೆ ಹಿಡಿದ ಕಾಗದದ ಮೇಲೆ ಚಿಟಿಕೆ ಪುಡಿ ಉದುರಿತು. ಪುಟ್ಟಿಯ ಮುಖ ಬಾಡಿತು. ಪುಡಿ ಗುಲಾಬಿಯಾಗಿರಲಿಲ್ಲ, ಬೆಳ್ಳಗಿತ್ತು.

"ಬಣ್ಣ ಮೇಲೆ ಮಾತ್ರ ಇತ್ತಾ ತಾತ?"

"ಇರು ಮಗು. ಇದರ ಪುಡಿ ಬಿಳಿಯೇ. ಗುಲಾಬಿ ಬಹಳ ತೆಳು ಬಣ್ಣ. ಈ ಕಲ್ಲಿನೊಳಗಿರುವ ಮ್ಯಾಂಗನೀಸ್ ಬೆಳಕಿನಿಂದ ಹಿಡಿದುಕೊಳ್ಳುವುದು ಬಹಳ ಸ್ವಲ್ಪ. ದಪ್ಪ ಕಲ್ಲಿನಲ್ಲಿ ಅದು ಕೂಡಿ ಕೂಡಿ ಕಣ್ಣಿಗೆ ಕಾಣುತ್ತೆ. ಪುಡಿ ಮಾಡಿದರೆ ಕಾಣೋದಿಲ್ಲ."

ಅಜ್ಜಿಯ ಒಗ್ಗರಣೆಯ ಕಬ್ಬಿಣದ ಸೌಟನ್ನು ಕೇಳಿದಾಗ ಸಣ್ಣದೊಂದು ಜಗಳವೇ ಆಯಿತು. ಕೊನೆಗೆ ಹಿತ್ತಿಲಲ್ಲಿ ಬಿದ್ದಿದ್ದ ಹಳೆಯ ಸೌಟು ಸಿಕ್ಕಿತು. ಅದನ್ನು ತಿಕ್ಕಿ ತೊಳೆದು ಒರೆಸಿ, ಒಂದು ಬದಿಗೆ ಕಲ್ಲಿನ ಪುಡಿ, ಇನ್ನೊಂದು ಬದಿಗೆ ಹೋಲಿಕೆಗೆಂದು ಅಷ್ಟೇ ರಂಗೋಲಿ ಪುಡಿ ಹಾಕಿ ಗ್ಯಾಸಿನ ಉರಿಗೆ ಹಿಡಿದರು. ಮೂವರೂ ಬಗ್ಗಿ ನೋಡಿದರು. ರಂಗೋಲಿ ಪುಡಿ ಬೆಳ್ಳಗೇ ಇತ್ತು. ಕಲ್ಲಿನ ಪುಡಿ ಮೊದಲು ನಸುಗಂದಾಯಿತು. ಆಮೇಲೆ ಕಾಫಿ ಪುಡಿಯ ಬಣ್ಣಕ್ಕೆ ತಿರುಗಿತು. ಸೌಟು ಕೆಂಪಗಾಗುವ ಹೊತ್ತಿಗೆ ಮಸಿಯಂತೆ ಕಪ್ಪಾಗಿ ಕೂತಿತು.

ಉರಿ ಆರಿಸಿ, ಸೌಟು ತಣ್ಣಗಾದ ಮೇಲೆ ರಾಯರು ಆ ಕಪ್ಪನ್ನು ತೋರುಬೆರಳಿನಿಂದ ಮುಟ್ಟಿ ಹೆಬ್ಬೆರಳಿಗೆ ಉಜ್ಜಿದರು. ಬೆರಳಿಗೆ ಮಸಿ ಹತ್ತಿತು. ಆ ಮಸಿ ಅವರಿಗೆ ಗುರುತಿತ್ತು.

"ನೋಡೇ," ಎಂದು ಹೆಂಡತಿಗೆ ಬೆರಳು ತೋರಿಸಿದರು, "ನಮ್ಮ ಕುಂಸಿಯ ಕಲ್ಲು ಆಯ್ತು ಇದು."

ಅವರು ಹೇಳಿದ್ದರಲ್ಲಿ ರಸಾಯನಶಾಸ್ತ್ರವಿತ್ತು. ಕಾವು ತಗುಲಿದಾಗ ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಗಾಳಿಯ ಆಮ್ಲಜನಕ ಬಂದು ಮ್ಯಾಂಗನೀಸನ್ನು ಸೇರುತ್ತದೆ. ಉಳಿಯುವುದು ಕಪ್ಪು ಆಕ್ಸೈಡ್. ಒಲೆಯ ಮೇಲೆ ಐದು ನಿಮಿಷದಲ್ಲಿ ಆಗುವ ಈ ಕೆಲಸವನ್ನು ಮಳೆ, ಗಾಳಿ, ಬಿಸಿಲು ಸೇರಿ ಲಕ್ಷಾಂತರ ವರ್ಷಗಳಲ್ಲಿ ನಿಧಾನವಾಗಿ ಮಾಡುತ್ತವೆ. ಬಿಸಿಲಿಗೆ ಬಿದ್ದ ರೋಡೋಕ್ರೋಸೈಟ್ ಮೇಲಿಂದ ಕಂದಾಗಿ, ಕಪ್ಪಾಗಿ, ಕೊನೆಗೆ ತಾನು ಗುಲಾಬಿಯಾಗಿದ್ದೆ ಎಂಬ ಗುರುತೇ ಉಳಿಯದಂತೆ ಆಗಿಬಿಡುತ್ತದೆ. ಜಗತ್ತಿನ ಎಷ್ಟೋ ಕಪ್ಪು ಮ್ಯಾಂಗನೀಸ್ ಗಣಿಗಳ ತಳದಲ್ಲಿ, ಗಾಳಿ ಮುಟ್ಟದ ಆಳದಲ್ಲಿ, ಇಂಥ ಕಾರ್ಬೊನೇಟ್ ಸಿಕ್ಕಿದೆ. ಶಿವಮೊಗ್ಗ ಸೀಮೆಯ ಬಂಡೆಗಳು ಧಾರವಾಡ ಶಿಲಾವರ್ಗಕ್ಕೆ ಸೇರಿದವು, ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯವು. ಇಲ್ಲಿ ಮಣ್ಣಿನ ಮೇಲುಪದರಕ್ಕೆ ಮಳೆಗಾಲಗಳ ಲೆಕ್ಕವೇ ಇಲ್ಲ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಇಲ್ಲಿಗೆ ಬಂದ ಗಣಿಯವರು ಬಯಸಿದ್ದೂ ಆ ಕಪ್ಪನ್ನೇ. ಅದಕ್ಕೆ ಕಾರಣವೂ ಉಂಟು. ಶುದ್ಧ ಗುಲಾಬಿ ಕಲ್ಲಿನಲ್ಲಿ ಮ್ಯಾಂಗನೀಸ್ ನೂರಕ್ಕೆ 47.8 ಭಾಗ, ಪೈರೊಲುಸೈಟ್ ಎಂಬ ಕಪ್ಪು ಕಲ್ಲಿನಲ್ಲಿ 63.2 ಭಾಗ. ಕುಲುಮೆಗೆ ಸೌಂದರ್ಯ ಬೇಡ. ಟಾರ್ಚಿನ ಸೆಲ್ಲು ಒಡೆದರೆ ಒಳಗೆ ಸಿಗುವ ಕರಿ ಪುಡಿಯಲ್ಲಿ ಇರುವುದೂ ಈ ಆಕ್ಸೈಡೇ. ಹಳ್ಳಿಯ ಬಾವಿಗೆ ಔಷಧಿ ಎಂದು ಹಾಕುತ್ತಿದ್ದ ಪರ್ಮಾಂಗನೇಟಿನ ನೇರಳೆ ಬಣ್ಣವೂ ಇದೇ ಮ್ಯಾಂಗನೀಸಿನದು. ಪ್ರಯೋಗಶಾಲೆಯ ಗಾಜಿನಲ್ಲಿ ರಾಯರು ಮೂವತ್ತೈದು ವರ್ಷ ನೋಡಿದ್ದು ಆ ನೇರಳೆಯ ತೆಳು ರೂಪವನ್ನೇ.

ಇಷ್ಟೆಲ್ಲ ಆದ ಮೇಲೆ ಆ ಮಧ್ಯಾಹ್ನ ಊಟದ ಎಲೆಯ ಮುಂದೆ ಇನ್ನೊಂದು ಮಾತು ಎದ್ದಿತು. ಅದು ಪ್ರತಿ ರಜೆಯಲ್ಲೂ ಏಳುವ ಮಾತು. "ಅಪ್ಪ, ಇಲ್ಲಿನ್ನೇನಿದೆ? ನೀವಿಬ್ಬರೂ ನಮ್ಮ ಜೊತೆ ಬಂದುಬಿಡಿ" ಎಂದ ಮಗ. ಅವನು ಹೇಳಿದ್ದು ಪ್ರೀತಿಯಿಂದಲೇ. ಆದರೆ "ಇಲ್ಲಿನ್ನೇನಿದೆ" ಎಂಬುದು ಭದ್ರಾವತಿಯವರಿಗೆ ತಾಗುವ ಮಾತು. ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದದ್ದು 2023ರ ಜನವರಿಯಲ್ಲಿ, ಸರಿಯಾಗಿ ನೂರು ವರ್ಷ ತುಂಬಿದ ತಿಂಗಳಿನಲ್ಲಿ. ಗುತ್ತಿಗೆ ಕಾರ್ಮಿಕರು ಗೇಟಿನೆದುರು ಧರಣಿ ಕೂತರು. ಅದೇ ವರ್ಷ ಆಗಸ್ಟಿನಲ್ಲಿ ಸರಳು ಉರುಳಿಸುವ ಗಿರಣಿ ಮತ್ತೆ ಸದ್ದು ಮಾಡಿದಾಗ ಊರಿನವರು ಪಟಾಕಿ ಹಚ್ಚಬೇಕೋ ಬೇಡವೋ ಎಂದು ಅನುಮಾನದಲ್ಲಿ ನಿಂತಿದ್ದರು. ವಿಶ್ವೇಶ್ವರಯ್ಯನವರು 1923ರಿಂದ ಆರು ವರ್ಷ ಬೆವರು ಹರಿಸಿ ದಡ ಮುಟ್ಟಿಸಿದ ಕಾರ್ಖಾನೆ, 1976ರಲ್ಲಿ ಅವರ ಹೆಸರನ್ನೇ ಹೊತ್ತ ಕಾರ್ಖಾನೆ. ಅದರ ಬಗ್ಗೆ ಈಗ ಊರಿನಲ್ಲಿ ಮಾತಾಡುವವರೆಲ್ಲ ಆಸ್ಪತ್ರೆಯಲ್ಲಿರುವ ಹಿರಿಯರ ಬಗ್ಗೆ ಮಾತಾಡುವಂತೆ ದನಿ ತಗ್ಗಿಸುತ್ತಾರೆ.

ರಾಯರು ಮಗನಿಗೆ ಉತ್ತರ ಕೊಡಲಿಲ್ಲ. ಉತ್ತರದಂಥದ್ದನ್ನು ಕೊಟ್ಟವಳು, ತನಗೆ ಗೊತ್ತಿಲ್ಲದಂತೆಯೇ, ಪುಟ್ಟಿ. ಡೆನ್ವರಿನ ವಸ್ತುಸಂಗ್ರಹಾಲಯದಲ್ಲಿ ಶಾಲೆಯವರು ತೋರಿಸಿದ 'ಆಲ್ಮಾ ಕಿಂಗ್' ಎಂಬ ಹರಳಿನ ಕತೆಯನ್ನು ಅವಳು ಅಜ್ಜಿಗೆ ಹೇಳುತ್ತಿದ್ದಳು. ಕೊಲೊರಾಡೊದ ಬೆಟ್ಟಗಳಲ್ಲಿ ಆಲ್ಮಾ ಎಂಬ ಊರಿನ ಹತ್ತಿರ ಸ್ವೀಟ್ ಹೋಮ್ ಎಂಬ ಗಣಿ. 1870ರ ದಶಕದಲ್ಲಿ ಅಲ್ಲಿ ಅಗೆಯುತ್ತಿದ್ದದ್ದು ಬೆಳ್ಳಿಗಾಗಿ. ಬೆಳ್ಳಿಯ ಜೊತೆ ಬರುತ್ತಿದ್ದ ಗುಲಾಬಿ ಹರಳುಗಳನ್ನು ಗಣಿಯವರು ಕಸವೆಂದು ಹೊರಗಿನ ರಾಶಿಗೆ ಎಸೆಯುತ್ತಿದ್ದರು. ಬೆಳ್ಳಿಯ ಕಾಲ ಮುಗಿಯಿತು. ನೂರು ವರ್ಷದ ಮೇಲೆ ಕೆಲವರು ಅದೇ ಗಣಿಗೆ ಮತ್ತೆ ಇಳಿದರು, ಈ ಸಲ ಬೆಳ್ಳಿಗಾಗಿ ಅಲ್ಲ, ಎಸೆದದ್ದಕ್ಕಾಗಿ. 1992ರಲ್ಲಿ ಸಿಕ್ಕಿದ ಒಂದು ಹರಳು ಗೇಣುದ್ದಕ್ಕೆ ಸ್ವಲ್ಪ ಕಡಿಮೆ, ಬಣ್ಣ ಚೆರ್ರಿ ಹಣ್ಣಿನದು, ಅಂಚುಗಳು ಕತ್ತರಿಸಿಟ್ಟಂತೆ. ಅದಕ್ಕೇ ರಾಜ ಎಂದು ಹೆಸರಿಟ್ಟು ಗಾಜಿನ ಮನೆಯಲ್ಲಿ ಕೂರಿಸಿದರು. 2002ರಲ್ಲಿ ಕೊಲೊರಾಡೊ ಈ ಖನಿಜವನ್ನು ತನ್ನ ರಾಜ್ಯದ ಖನಿಜವೆಂದು ಘೋಷಿಸಿತು.

"ಕಸದಲ್ಲಿ ಎಸೆದಿದ್ರಾ ಅದನ್ನ?" ಎಂದು ಅಜ್ಜಿ ಬಾಯಿ ಬಿಟ್ಟರು.

"ಅವರಿಗೆ ಬೇಕಾಗಿದ್ದು ಬೆಳ್ಳಿ ಅಜ್ಜಿ."

ಮಗ ಅನ್ನ ಕಲಸುತ್ತಿದ್ದವನು ತಲೆ ಎತ್ತಿ ಅಪ್ಪನನ್ನು ನೋಡಿದ. ಅಪ್ಪ ಮಜ್ಜಿಗೆ ಬಡಿಸಿಕೊಳ್ಳುತ್ತಿದ್ದರು. ಆ ದಿನ ಆ ಮಾತು ಮುಂದುವರಿಯಲಿಲ್ಲ.

ಇಂಥ ಕಲ್ಲನ್ನು ಮನೆಯಲ್ಲಿಟ್ಟುಕೊಂಡವರಿಗೆ ರಾಯರು ಹೇಳುವ ಎಚ್ಚರಿಕೆಗಳು ಮೂರು. ನೇರ ಬಿಸಿಲು ಬೀಳುವ ಕಡೆ ಇಡಬಾರದು, ಬಣ್ಣ ಮಾಸೀತು. ಬೀಗದ ಕೈ, ನಾಣ್ಯಗಳ ಜೊತೆ ಹಾಕಬಾರದು, ಗೀರು ಬಿದ್ದೀತು. ನಿಂಬೆಹಣ್ಣು, ಹುಣಸೆಹಣ್ಣು ಹತ್ತಿರ ಸುಳಿಯಬಾರದು. ಈ ಮೂರನೆಯ ಎಚ್ಚರಿಕೆ ಅಜ್ಜಿಗೆಂದೇ ಹೇಳಿದ್ದು. ಹೊಳಪು ಕಡಿಮೆಯಾಯಿತು ಎನಿಸಿದರೆ ದೇವರ ಮನೆಯ ಹಿತ್ತಾಳೆ ದೀಪದ ಜೊತೆ ಇದನ್ನೂ ಹುಣಸೆಹಣ್ಣು ಹಾಕಿ ತಿಕ್ಕಿಬಿಟ್ಟಾರು ಎಂಬ ಭಯ ಅವರದು. ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಸಾಕು. ಅಜ್ಜಿ "ನನಗೇನು ಅಷ್ಟೂ ತಿಳಿಯೋದಿಲ್ವಾ?" ಎಂದು ಸಿಡುಕಿದರೂ, ಹಳೆಯ ರೇಷ್ಮೆ ರವಿಕೆಯ ಕಣವೊಂದನ್ನು ಹುಡುಕಿ ತೆಗೆದು ಬಿಲ್ಲೆಯನ್ನು ಅದರಲ್ಲಿ ಸುತ್ತಿ, ಬೀರುವಿನಲ್ಲಿ ತಮ್ಮ ಬಳೆಗಳ ಪೆಟ್ಟಿಗೆಯ ಪಕ್ಕ ಇಟ್ಟರು.

ಹೊರಡುವ ದಿನ ಪುಟ್ಟಿ ಹಿತ್ತಿಲಿಗೆ ಹೋಗಿ ಆ ಹಳೆಯ ಸೌಟನ್ನು ತಂದಳು. ತಳದಲ್ಲಿ ಅಂಟಿಕೊಂಡಿದ್ದ ಕಪ್ಪು ಪುಡಿಯನ್ನು ಚಮಚದ ತುದಿಯಿಂದ ಕೆರೆದು, ತಾತ ಕಾಗದ ಹರಿದು ಮಡಿಸಿಕೊಟ್ಟ ಪೊಟ್ಟಣದೊಳಗೆ ಹಾಕಿಕೊಂಡಳು. ಪ್ರಯೋಗಶಾಲೆಯಲ್ಲಿ ಮಾದರಿಗಳಿಗೆ ಬರೆಯುತ್ತಿದ್ದ ಹಾಗೆ ಪೊಟ್ಟಣದ ಮೇಲೆ ಹೆಸರು, ತಾರೀಖು, ಸ್ಥಳ ಬರೆಯಬೇಕೆಂದು ರಾಯರು ಹೇಳಿಕೊಟ್ಟರು. ಅವಳು ವಕ್ರವಕ್ರವಾದ ಕನ್ನಡ ಅಕ್ಷರಗಳಲ್ಲಿ 'ಮ್ಯಾಂಗನೀಸ್, ಭದ್ರಾವತಿ' ಎಂದು ಬರೆದು ಕಾಲುಚೀಲದೊಳಗೆ ಸುತ್ತಿ ಪೆಟ್ಟಿಗೆಗೆ ಸೇರಿಸಿದಳು.